ಕಂಬಳಿಯ ಕೂದಲು ಬೆಳೆಯುವವರೆಗೆ

ನಿಧಾನಿಯ ಕೈಯಲ್ಲಿ ಒಂದು ತಲೆ ಮುಗಿಯಬೇಕಾದರೆ ಮುಕ್ಕಾಲು ಗಂಟೆ ಬೇಕು. ಎದುರುಗಡೆಯ ಗಾಜಿನ ಬಾಗಿಲಿನ ಸಲೂನಿನಲ್ಲಿ ಅಷ್ಟು ಹೊತ್ತಿಗೆ ಮೂರು ತಲೆ ಮುಗಿಸಿ ನಾಲ್ಕನೆಯದಕ್ಕೆ ನೀರು ಚಿಮುಕಿಸುತ್ತಿರುತ್ತಾರೆ. ಆ ಅಡ್ಡಹೆಸರು ಅವನಿಗೆ ಬಿದ್ದದ್ದು ಅದಕ್ಕೇ. ಕಿವಿಯ ಹಿಂದಿನ ನಾಲ್ಕು ಕೂದಲಿಗೆ ಐದು ನಿಮಿಷ ಬಗ್ಗಿ ನಿಲ್ಲುವ ಮನುಷ್ಯ. ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ. ಮೂವತ್ತೆಂಟು ವರ್ಷ ಅದೇ ಒಂದು ಕುರ್ಚಿ, ಅದೇ ಮೂಲೆ ಒಡೆದ ಕನ್ನಡಿ. ಅಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯನ್ನೂ ಅವನು ಅರ್ಧಕ್ಕೆ ಬಿಟ್ಟು ಎದ್ದು ಹೋದದ್ದಿಲ್ಲ.

ಈ ವರ್ಷ ಹೋದ. ಅದೂ ಎರಡು ಸಲ, ಒಬ್ಬರನ್ನೇ ಬಿಟ್ಟು.

ಅದಕ್ಕೆಲ್ಲ ಕಾರಣ ಕಂಬಳಿ. ಕಂಬಳಿ ಅಂದರೆ ನಾಯಿ. ಚಳಿ ಸೀಮೆಯ ಜಾತಿಯದು. ಕತ್ತಿನ ಸುತ್ತ ಕೈ ಇಟ್ಟರೆ ಬೆರಳು ಕಾಣದಷ್ಟು ಕೂದಲು. ಆರು ವರ್ಷದ ಹಿಂದೆ ಒಬ್ಬ ಬ್ಯಾಂಕಿನ ಸಾಹೇಬರು ಮಗಳ ಹಟಕ್ಕೆ ಅದನ್ನು ತಂದಿದ್ದರು. ವರ್ಗವಾದಾಗ ಕ್ಷೌರಕ್ಕೆ ಬಂದವರು, "ಎರಡು ದಿನ ನೋಡ್ಕೊಳ್ಳಿ, ಮನೆ ಸಿಕ್ಕಿದ ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹಗ್ಗ ಕೈಗೆ ಕೊಟ್ಟು ಹೋದರು. ಆ ಎರಡು ದಿನ ಇನ್ನೂ ಮುಗಿದಿಲ್ಲ. "ಮಗಳ ಮದುವೆ ಮಾಡಿ ಕೈ ತೊಳ್ಕೊಂಡ್ವಿ ಅಂದ್ಕೊಂಡಿದ್ದೆ, ಇನ್ನೊಂದು ತಂದು ಕೂರಿಸಿದ್ರಲ್ಲ" ಎಂದು ಹೆಂಡತಿ ಮೊದಲ ವಾರ ಗೊಣಗಿದಳು. ಎರಡನೆಯ ವಾರ ತನ್ನ ತಟ್ಟೆಯಿಂದ ತೆಗೆದು ಅದಕ್ಕೆ ಹಾಕತೊಡಗಿದಳು. ಆಮೇಲೆ ಆ ಮಾತು ಬರಲಿಲ್ಲ.

ಅವರು ಇರುವುದು ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಲ್ಲಿ. ಒಂದು ಕಿಟಕಿ, ಅಡಿಗೆಗೆ ಒಂದು ಮೂಲೆ, ಬಾಗಿಲು ತೆಗೆದರೆ ತಾರಸಿ, ತಾರಸಿಯ ಮೇಲೆ ನೀರಿನ ತೊಟ್ಟಿ. ನಾಯಿ ಬಂದ ವರ್ಷ ಬೇಸಿಗೆ ಅಂದರೆ ಎರಡೂವರೆ ತಿಂಗಳು. ಒಂದು ಒದ್ದೆ ಗೋಣಿಚೀಲ ಹಾಸಿದರೆ ಕಂಬಳಿ ಅದರ ಮೇಲೆ ಹೊಟ್ಟೆ ಊರಿ ಕಳೆದುಬಿಡುತ್ತಿತ್ತು. ಮೂರನೆಯ ವರ್ಷ ಗೋಣಿಚೀಲ ಸಾಲದೆ ಫ್ಯಾನು ಬೇಕಾಯಿತು. ಐದನೆಯ ವರ್ಷ ಫ್ಯಾನೂ ಬಿಸಿಗಾಳಿಯನ್ನೇ ತಿರುಗಿಸಿತು. ಈ ವರ್ಷವಂತೂ ಚಳಿಗಾಲ ಬಂದು ಹೋದದ್ದೇ ಯಾರಿಗೂ ತಿಳಿಯಲಿಲ್ಲ. ಹೊದಿಕೆ ಮಡಿಸಿಡುವುದಕ್ಕೆ ಮೊದಲೇ ಶೀಟು ಕಾಯತೊಡಗಿತು. ಕರೆಂಟು ಹೋದಾಗಿನ ಉಪಯೋಗಕ್ಕೆಂದು ಗೂಡಿನಲ್ಲಿಟ್ಟ ಮೇಣದಬತ್ತಿ ಒಂದು ಮಧ್ಯಾಹ್ನ ಸೊಂಟ ಮುರಿದವರ ಹಾಗೆ ಬಗ್ಗಿ ಮಲಗಿತ್ತು. ಕರೆಂಟು ಮಾತ್ರ ಎಲ್ಲರಿಗೂ ಫ್ಯಾನು ಬೇಕಾದ ಹೊತ್ತಿಗೇ ಹೋಗುತ್ತಿತ್ತು, ಎರಡರಿಂದ ಮೂರೂವರೆಯವರೆಗೆ.

ಹೆಂಡತಿ ಹಾಸ್ಟೆಲಿನ ಅಡಿಗೆಮನೆಗೆ ಎಂಟಕ್ಕೆ ಹೋದರೆ ಬರುವುದು ನಾಲ್ಕಕ್ಕೆ. ಇವನು ಒಂಬತ್ತಕ್ಕೆ ಅಂಗಡಿಗೆ. ಹನ್ನೆರಡರಿಂದ ನಾಲ್ಕು, ಆ ನಾಲ್ಕು ಗಂಟೆ ಕಂಬಳಿಯನ್ನು ಎಲ್ಲಿ ಇಡುವುದು? ನಿಧಾನಿಗೆ ಈ ವರ್ಷ ಹತ್ತಿದ ಚಿಂತೆ ಅದೊಂದೇ. ಬಾಗಿಲು ಮುಚ್ಚಿದರೆ ಒಳಗೆ ಬೇಯುತ್ತದೆ. ತೆರೆದಿಟ್ಟರೆ ತಾರಸಿಗೆ ಹೋಗಿ ತೊಟ್ಟಿಯ ನೆರಳಲ್ಲಿ ಮಲಗುತ್ತದೆ; ನೆರಳು ಸರಿದ ಹಾಗೆ ತಾನೂ ಸರಿಯುತ್ತದೆ; ಹನ್ನೆರಡರ ಹೊತ್ತಿಗೆ ಸರಿಯುವುದಕ್ಕೆ ನೆರಳೇ ಇರುವುದಿಲ್ಲ.

ಮೊದಲು ಮನೆಯೊಡತಿಯನ್ನು ಕೇಳಿದ. ಕೆಳಗಿನ ಮನೆಯಲ್ಲೇ ಇರುವವರು, ಎಲ್ಲರಿಗೂ ಕೆಳಗಿನಕ್ಕ.

"ಅಕ್ಕಾ, ಮಧ್ಯಾಹ್ನ ನಾಲ್ಕು ಗಂಟೆ ಹೊತ್ತು ಮೆಟ್ಟಿಲ ಕೆಳಗೆ ಕಟ್ಟಲಾ? ಅಲ್ಲಿ ತಣ್ಣಗಿರತ್ತೆ."

"ನಾಯಿ ಕಟ್ಟೋ ಜಾಗಾನಾ ಅದು? ಮೊಮ್ಮಗಳು ಹೆದರ್ಕೋತಾಳೆ."

"ನಿಮ್ಮ ಮೊಮ್ಮಗಳೇ ಅಕ್ಕಾ ದಿನಾ ಬಂದು ಅದರ ಬೆನ್ನ ಮೇಲೆ ಕೂತ್ಕೊಳ್ಳೋದು."

"ಅದು ಬೇರೆ ವಿಷಯ."

"ಹಾಗಾದ್ರೆ ಶೀಟಿಗೆ ಸುಣ್ಣನಾದ್ರೂ ಬಳೀತೀನಿ. ಬಿಳಿ ಮಾಡಿದ್ರೆ ಒಳಗೆ ಬಿಸಿ ತಗ್ಗತ್ತಂತೆ. ನೀವೇನೂ ಕೊಡೋದು ಬೇಡ, ನಾನೇ ಹತ್ತಿ ಬಳೀತೀನಿ."

"ಮಳೆ ಬಂದ್ರೆ ಸುಣ್ಣ ಇಳಿದು ನನ್ನ ಹೂಗಿಡದ ಮೇಲೆ ಬೀಳತ್ತೆ. ಮಳೆಗಾಲ ಮುಗೀಲಿ, ನೋಡೋಣ."

"ಮಳೆಗಾಲ ಮುಗಿದ ಮೇಲೆ ಈ ಬಿಸಿಲು ಎಲ್ಲಿರತ್ತೆ ಅಕ್ಕಾ?"

"ಅದಕ್ಕೇ ಹೇಳಿದ್ದು. ಆವಾಗ ಬಳಿಯೋದೇ ಬೇಡ."

ನಿಧಾನಿ ಮೆಟ್ಟಿಲು ಹತ್ತಿ ಬಂದು ಹೆಂಡತಿಗೆ ಹೇಳಿದ. ಅವಳು ಸೊಪ್ಪು ಬಿಡಿಸುತ್ತ, "ಗೋಡೆಗೆ ತಲೆ ಚಚ್ಕೊಳ್ಳೋದು ಮೇಲು, ಗೋಡೆ ತಿರುಗಿ ಮಾತಾಡಲ್ಲ" ಎಂದಳು.

ಮಾರನೆಯ ದಿನ ನಾಯಿಯನ್ನು ಅಂಗಡಿಗೇ ಕರೆದುಕೊಂಡು ಹೋದ. ಅಂಗಡಿ ಚಿಕ್ಕದಾದರೂ ಮೇಲೆ ಇನ್ನೊಂದು ಮಹಡಿ ಇದ್ದುದರಿಂದ ಒಳಗೆ ತಂಪು. ಕುರ್ಚಿಯ ಹಿಂದೆ, ಕೈತೊಳೆಯುವ ಬೋಗುಣಿಯ ಕೆಳಗೆ ಕಂಬಳಿ ಮಲಗಿತು, ಒಂದು ಸದ್ದಿಲ್ಲ. ಕುರ್ಚಿಯಲ್ಲಿ ಪೇಪರ್ ಮೇಷ್ಟ್ರು ಇದ್ದರು. ನಿವೃತ್ತರಾಗಿ ಹನ್ನೆರಡು ವರ್ಷ. ದಿನ ಬಿಟ್ಟು ದಿನ ಗಡ್ಡ ತೆಗೆಸಲು ಬರುತ್ತಾರೆ. ಬಂದರೆ ಅಂಗಡಿಯ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಎಲ್ಲರಿಗೂ ಅರ್ಥ ಹೇಳುತ್ತಾರೆ.

"ನೋಡಯ್ಯ, ಭೂಮಿ ಬಿಸಿಯಾಗ್ತಾ ಹೋಗ್ತಿದೆಯಂತೆ. ಪ್ರಾಣಿ ಪಕ್ಷಿಗಳಿಗೆಲ್ಲ ಕಷ್ಟವಂತೆ. ಮನುಷ್ಯ ಇನ್ನಾದರೂ ಎಚ್ಚೆತ್ತುಕೊಳ್ಳಬೇಕು" ಎಂದು ಓದಿ ಮುಗಿಸಿ, ಮೂಗು ಉಜ್ಜಿಕೊಂಡರು. "ಇದೇನಯ್ಯ, ನಾಯಿ ಕೂದಲು ಮೂಗಿಗೆ ಬಂತಲ್ಲ! ನಾಳೆಯಿಂದ ಇದನ್ನ ಇಲ್ಲಿಗೆ ತರಬೇಡ."

"ನೆಲದ ಮೇಲೆ ನಾಲ್ಕೈದು ಜನರ ಕೂದಲು ಬಿದ್ದಿದೆ ಮೇಷ್ಟ್ರೇ."

"ಅವರೆಲ್ಲ ಮನುಷ್ಯರು ಕಣಯ್ಯ!"

ಇನ್ನಿಬ್ಬರು ನಕ್ಕರು. ಒಬ್ಬ ಒಳಗೆ ಇಣುಕಿ, ನಾಯಿಯನ್ನು ನೋಡಿ, ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿಕೊಂಡು ಹೋದ. ಎರಡು ದಿನ ತಂದು ಮೂರನೆಯ ದಿನ ನಿಧಾನಿ ಕಂಬಳಿಯನ್ನು ಮನೆಯಲ್ಲೇ ಬಿಟ್ಟು ಬಂದ. ಅವತ್ತು ಅವನಿಗೆ ಯಾರ ತಲೆಯೂ ಸರಿಯಾಗಿ ಕಾಣಲಿಲ್ಲ.

ಆಮೇಲೆ ಅವನು ಮಾಡಿದ್ದು ತಿಳಿಯದೆ ಮಾಡಿದ ತಪ್ಪು. ಆದರೆ ಇಷ್ಟು ಅಚ್ಚುಕಟ್ಟಾಗಿ ಆ ತಪ್ಪು ಮಾಡುವುದು ಅವನಂಥವನಿಗೆ ಮಾತ್ರ ಸಾಧ್ಯ. ಮೂವತ್ತೆಂಟು ವರ್ಷದಿಂದ ಬೇಸಿಗೆ ಹತ್ತಿರ ಬಂದಾಗಲೆಲ್ಲ ಅವನು ಗಿರಾಕಿಗಳಿಗೆ ಹೇಳಿದ ಒಂದೇ ಮಾತೆಂದರೆ, "ಕೂದಲು ಕಮ್ಮಿ ಮಾಡಿಸಿ ಸಾರ್, ತಂಪಾಗತ್ತೆ." ಹೌದಲ್ಲ, ನಾಯಿಗೂ ಅಷ್ಟೇ ತಾನೇ? ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ!

ರಜೆಯ ದಿನ ಬೆಳಗ್ಗೆ ಆರಕ್ಕೇ ತಾರಸಿಯಲ್ಲಿ ಹಳೆಯ ಪಂಚೆ ಹಾಸಿ ಕಂಬಳಿಯನ್ನು ಮಲಗಿಸಿದ. ಮೊದಲು ಕತ್ತರಿಯಲ್ಲಿ ಉದ್ದ ತಗ್ಗಿಸಿದ. ಆಮೇಲೆ ಮೆಷಿನ್ನಿಗೆ ನಂಬರ್ ನಾಲ್ಕರ ಹಲ್ಲು, ಆಮೇಲೆ ಎರಡು, ಕೊನೆಗೆ ಒಂದು. ತೊಡೆಸಂದಿಯಲ್ಲಿ, ಕಿವಿಯ ಹಿಂದೆ ಚರ್ಮ ಎಳೆದು ಹಿಡಿದು ಬಿಡಿಬಿಡಿಯಾಗಿ ತೆಗೆದ. ಮೂರೂವರೆ ಗಂಟೆ ಹಿಡಿಯಿತು. ಒಂದು ಗೀರು ಬೀಳಲಿಲ್ಲ. ನಾಯಿ ನಡುವೆ ಎರಡು ಸಲ ನಿದ್ದೆಯನ್ನೂ ಮಾಡಿತು. ಕೊನೆಗೆ ಎದ್ದು ಮೈ ಕೊಡವಿದಾಗ ಕೊಡವಲು ಏನೂ ಇರಲಿಲ್ಲ. ತಾನೇ ಗಲಿಬಿಲಿಯಾಗಿ ಹಿಂದೆ ತಿರುಗಿ ತಿರುಗಿ ನೋಡಿಕೊಂಡಿತು.

ಹೆಂಡತಿ ಬಾಗಿಲಲ್ಲೇ ನಿಂತು, "ಅಯ್ಯೋ, ಹಾಸಿಗೆ ಬಿಚ್ಚಿ ಹತ್ತಿ ತೆಗೆದ ಹಾಗಾಯ್ತಲ್ರೀ" ಎಂದಳು.

"ಮುಟ್ಟಿ ನೋಡು, ಎಷ್ಟು ಸಮ ಬಂದಿದೆ."

"ಸಮ ಬಂದಿದೆ. ನಾಯೀನೇ ಕಾಣ್ತಿಲ್ಲ."

ಬೀದಿಯಲ್ಲಿ ನಡೆಸಿಕೊಂಡು ಹೋದರೆ ಜನ ನಿಂತು ನೋಡಿದರು. ಮೂಲೆಯ ದಿನಸಿ ಅಂಗಡಿಯವನು, "ಇನ್ನು ಕಂಬಳಿ ಅನ್ನಬೇಡಿ ಇದನ್ನ, ಟವಲ್ ಅನ್ನಿ" ಎಂದ. ಆದರೆ ಕೆಲಸವನ್ನು ಎಲ್ಲರೂ ಹೊಗಳಿದರು. ಯಂತ್ರದಲ್ಲಿ ಅಚ್ಚು ಹಾಕಿದ ಹಾಗಿದೆ, ಅಂದರು. ನಿಧಾನಿಗೆ ಒಳಗೊಳಗೇ ಹಿಗ್ಗು. ಆ ದಿನ ಅವನು ಹಿಗ್ಗಿದ್ದನ್ನು ನೆನೆದರೆ ಅವನಿಗೆ ಈಗಲೂ ಮೈ ಉರಿಯುತ್ತದೆ.

ಐದನೆಯ ದಿನ ಮಧ್ಯಾಹ್ನ ಒಂದೂಕಾಲು. ಕುರ್ಚಿಯಲ್ಲಿ ಪೇಪರ್ ಮೇಷ್ಟ್ರು, ಕತ್ತಿಗೆ ಬಿಳಿ ಬಟ್ಟೆ, ಮುಖದ ತುಂಬ ಸೋಪಿನ ನೊರೆ. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆ ಬಾಕಿ. ಆಗ ಫೋನು ಬಂತು. ಅವತ್ತು ಹಾಸ್ಟೆಲಿನಲ್ಲಿ ನೀರು ನಿಂತು ಹೋಗಿ, ಅಡಿಗೆಯವರನ್ನೆಲ್ಲ ಬೇಗ ಕಳಿಸಿದ್ದರು. ಹಾಗೆ ಕಳಿಸಿರದಿದ್ದರೆ ಕಂಬಳಿಯ ಕಥೆ ಅವತ್ತೇ ಮುಗಿಯುತ್ತಿತ್ತು.

"ರೀ, ಕಂಬಳಿ ಏಳ್ತಿಲ್ಲ. ತಾರಸಿ ಮೇಲೆ ಬಿದ್ದಿತ್ತು, ಒಳಗೆ ಎಳ್ಕೊಂಡು ಬಂದೆ. ನಾಲಿಗೆ ಕೆಂಪಗಾಗಿ ನೇತಾಡ್ತಿದೆ. ಜೊಲ್ಲು ನಿಲ್ತಾನೇ ಇಲ್ಲ. ಬೇಗ ಬನ್ರೀ."

ನಿಧಾನಿ ಕ್ಷೌರದ ಕತ್ತಿಯನ್ನು ಮಡಿಸಿ ಮೇಜಿನ ಮೇಲಿಟ್ಟ. ಅಷ್ಟು ಮಾತ್ರ ನೆನಪಿದೆ. ಹಿಂದಿನಿಂದ "ಲೋ, ಅರ್ಧಕ್ಕೇ ಬಿಟ್ಟು ಎಲ್ಲಿಗೋ! ಇನ್ನೊಂದು ಕೆನ್ನೆ!" ಎಂದು ಮೇಷ್ಟ್ರು ಕೂಗಿದ್ದು ಕೇಳಿಸಿತು. ಅವನು ಓಡುತ್ತಿದ್ದ. ಎರಡು ಬೀದಿ. ಮೇಷ್ಟ್ರಿಗೂ ಆ ಮುಖದಲ್ಲಿ ಒಬ್ಬರೇ ಕೂರಲು ಮನಸ್ಸಾಗದೆ, ಕತ್ತಿನ ಬಟ್ಟೆಯನ್ನು ಬಿಚ್ಚಲೂ ತೋಚದೆ ಹಿಂದೆಯೇ ಬಂದರು.

ಮಹಡಿ ಹತ್ತಿ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಮೇಷ್ಟ್ರು ಹಿಂದೆ ಸರಿದರು, ಒಲೆಯ ಬಾಯಿ ತೆರೆದ ಹಾಗಾಗಿ. ತಲೆ ಎತ್ತಿ ಶೀಟು ನೋಡಿದರು. "ಇಲ್ಲಿ ಹೇಗಯ್ಯಾ ಇರ್ತೀರಿ?" ಎಂದರು. ಹೆಂಡತಿ ಮಡಕೆಯ ನೀರನ್ನು ನಾಯಿಯ ಹೊಟ್ಟೆಗೆ, ಪಾದಕ್ಕೆ ಹಾಕುತ್ತಿದ್ದಳು. ಕೊಡದಲ್ಲೂ ತೊಟ್ಟಿಯಲ್ಲೂ ಉಳಿದಿದ್ದ ನೀರು ಬಿಸಿಯಾಗಿತ್ತು. ಮಡಕೆಯದ್ದು ಮುಗಿದರೆ ಮತ್ತೆ ತಣ್ಣೀರಿಲ್ಲ. ನಿಧಾನಿ ನಾಯಿಯನ್ನು ತೋಳಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದ. ಮೇಷ್ಟ್ರು ಮುಂದೆ ಓಡಿ, ಅರ್ಧ ಮುಖದ ನೊರೆಯಲ್ಲೇ ರಸ್ತೆಗೆ ಅಡ್ಡ ನಿಂತು ಆಟೋ ನಿಲ್ಲಿಸಿದರು, ಮೂವರೂ ಹತ್ತಿದರು.

ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಮೇಷ್ಟ್ರನ್ನು ನೋಡಿ, "ಇವರಿಗೇನಾಗಿದೆ?" ಎಂದರು. ಆಮೇಲೆ ನಾಯಿಯನ್ನು ನೋಡಿದರು. ಸೂಜಿ ಚುಚ್ಚಿ ಬಾಟಲಿ ಹಾಕಿ, ಫ್ಯಾನು ತಿರುಗಿಸಿ, ನೀರಲ್ಲಿ ಅದ್ದಿದ ಬಟ್ಟೆಯನ್ನು ಮೈ ಕೆಳಗೆ ಹಾಸಿದರು. ಕಂಬಳಿಯ ಉಸಿರು ಒಂದು ಗಂಟೆಯ ಮೇಲೆ ತಹಬಂದಿಗೆ ಬಂತು. ಆಗ ಅವರು ಬೆನ್ನಿನ ಮೇಲೆ ಎದ್ದಿದ್ದ ಕೆಂಪು ಗುಳ್ಳೆಗಳ ಮೇಲೆ ಬೆರಳಾಡಿಸಿ ಕೇಳಿದರು. "ಯಾರು ಇದನ್ನ ಬೋಳಿಸಿದ್ದು?"

ನಿಧಾನಿ ತನ್ನ ಕೈ ನೋಡಿಕೊಂಡ.

"ಶೀಟಿನ ಮನೆ ಡಾಕ್ಟ್ರೇ, ಬಿಸಿಲು ಅಂತ..." ಎಂದು ಹೆಂಡತಿ ತಡವರಿಸಿದಳು.

"ಬಿಸಿಲು ಅಂತಾನೇ ಬೋಳಿಸಬಾರದಿತ್ತು. ಈ ಜಾತಿಗೆ ಒಳಗೊಂದು ಪದರ, ಹೊರಗೊಂದು ಪದರ. ನಡುವೆ ಗಾಳಿ ನಿಲ್ಲತ್ತೆ. ಬಿಸಿಲು ಚರ್ಮಕ್ಕೆ ತಾಕಲ್ಲ. ನೀವು ಅದರ ಕೊಡೆ ಕಿತ್ತು ಹಾಕಿದ್ದೀರಿ. ಉದುರಿ ಸಿಕ್ಕಿಕೊಂಡಿರೋ ಕೂದಲು ಬಾಚಿ ತೆಗೆದಿದ್ರೆ ಆಗ್ತಿತ್ತು. ಒಂದು ಬಾಚಣಿಗೆ ಸಾಕಿತ್ತು."

ಒಂದು ಬಾಚಣಿಗೆ. ನಿಧಾನಿಯ ಅಂಗಡಿಯಲ್ಲಿ ಹನ್ನೊಂದು ಬಾಚಣಿಗೆ ಇವೆ.

"ಮತ್ತೆ ಬೆಳೆಯತ್ತಾ?" ಎಂದು ಕೇಳಿದ.

"ಆರು ತಿಂಗಳು, ಎಂಟು ತಿಂಗಳು. ಕೆಲವಕ್ಕೆ ಮೊದಲಿನ ಹಾಗೆ ಬರೋದೇ ಇಲ್ಲ. ಅಲ್ಲಿವರೆಗೆ ಆ ಶೀಟಿನ ಕೆಳಗೆ ಮಧ್ಯಾಹ್ನ ಬಿಡಬೇಡಿ. ಒದ್ದೆ ಬಟ್ಟೆ ಮೇಲೆ ಹೊದಿಸಬೇಡಿ, ಕೆಳಗೆ ಹಾಸಿ. ನಡೆಸೋದಿದ್ರೆ ಸೂರ್ಯ ಏಳೋಕೆ ಮುಂಚೆ. ರಸ್ತೆಗೆ ನಿಮ್ಮ ಹಿಂಗೈ ಇಟ್ಟು ನೋಡಿ, ನಿಮಗೆ ತಡೆಯೋಕಾಗದಿದ್ರೆ ಅದಕ್ಕೂ ಆಗಲ್ಲ. ಇನ್ನೊಂದು ಸಲ ಹೀಗಾದ್ರೆ ಉಳಿಯಲ್ಲ, ಈಗಲೇ ಹೇಳಿದೀನಿ."

ಹೊರಗೆ ಬಂದಾಗ ಮೇಷ್ಟ್ರ ಮುಖದ ನೊರೆ ಒಣಗಿ ಹಪ್ಪಳವಾಗಿ ಉದುರುತ್ತಿತ್ತು. "ತಂದ್ಕೊಳ್ಳಯ್ಯ ಅಂಗಡಿಗೆ" ಎಂದರು. "ನಾನು ಬೆಳಗ್ಗೇನೇ ಬಂದು ಹೋಗ್ತೀನಿ. ನನ್ನ ಮೂಗಿಗೆ ಮಾತ್ರ ಅದನ್ನ ಹತ್ತಿರ ತರಬೇಡ."

ಅಂದಿನಿಂದ ಹನ್ನೊಂದಾದರೆ ಕಂಬಳಿ ಬೋಗುಣಿಯ ಕೆಳಗೆ. ನಿಧಾನಿ ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ. 'ಒಳಗೆ ನಾಯಿ ಇದೆ. ಕಚ್ಚುವುದಿಲ್ಲ. ಆಗದವರು ಹನ್ನೊಂದರ ಒಳಗೆ ಬನ್ನಿ.' ಆಗದವರು ಹನ್ನೊಂದರ ಒಳಗೂ ಬರಲಿಲ್ಲ, ಗಾಜಿನ ಬಾಗಿಲಿಗೆ ಹೋದರು. ಇಪ್ಪತ್ತು ವರ್ಷ ತಲೆ ಕೊಟ್ಟವರು ರಸ್ತೆಯ ಆ ಕಡೆಯಿಂದ ಕೈ ಬೀಸಿ ಹೋಗುತ್ತಿದ್ದರು. ಹೋಗಲಿ, ಅದಲ್ಲ ಅವನನ್ನು ಕೊರೆದದ್ದು. ಕೆಳಗಿನಕ್ಕ ಇವತ್ತಿಗೂ ಸುಣ್ಣಕ್ಕೆ ಒಪ್ಪಿಲ್ಲ. ಮಳೆ ಬರುವ ತಿಂಗಳು ಬಂತು, ಮಳೆ ಬರಲಿಲ್ಲ. ಹೂಗಿಡಗಳು ಒಣಗಿ ಕಡ್ಡಿಯಾದವು. "ಇನ್ನೇನು ಅಕ್ಕಾ, ಸುಣ್ಣ ಬೀಳೋಕೆ ಗಿಡಾನೇ ಇಲ್ವಲ್ಲ" ಎಂದರೆ, "ಕುಂಡ ಇದೆಯಲ್ಲ" ಎಂದರು.

ಅವನನ್ನು ಕೊರೆದದ್ದು ಕೂದಲು. ಜೀವಮಾನವಿಡೀ ಬೆಳೆದದ್ದನ್ನು ಕತ್ತರಿಸಿದವನು ಈಗ ಬೆಳೆಯುವುದಕ್ಕೆ ಕಾಯಬೇಕಾಗಿತ್ತು. ವಾರಕ್ಕೊಮ್ಮೆ, ಬಾಗಿಲು ಹಾಕುವ ಮೊದಲು, ಮೆಷಿನ್ನಿನ ಹಲ್ಲುಗಳನ್ನು ಒಂದೊಂದಾಗಿ ಕಂಬಳಿಯ ಮೈಗೆ ಒತ್ತಿ ಅಳೆಯುತ್ತಿದ್ದ. ಮೂರನೆಯ ವಾರಕ್ಕೂ ನಂಬರ್ ಒಂದರ ಮೇಲೆ ಕೂದಲು ಕಾಣಲಿಲ್ಲ. ಆರನೆಯ ವಾರಕ್ಕೆ ಪಕ್ಕೆಯಲ್ಲಿ ಎರಡು ದಾಟಿತು. ಬೆನ್ನ ಮೇಲೆ, ಗುಳ್ಳೆ ಎದ್ದಿದ್ದ ಕಡೆ, ಅಂಗೈಯಗಲ ಜಾಗದಲ್ಲಿ ಏನೂ ಇಲ್ಲ.

"ಬೇಗ ಬೆಳಿಯೇ" ಎನ್ನುತ್ತಿದ್ದ.

"ನಿಧಾನಿಯ ನಾಯಿ ಅಲ್ವಾ, ಬೇಗ ಹೇಗೆ ಬೆಳೆಯತ್ತೆ" ಎನ್ನುತ್ತಿದ್ದಳು ಹೆಂಡತಿ.

ಹತ್ತನೆಯ ವಾರ ಒಂದು ಬೆಳಗ್ಗೆ, ಹತ್ತೂವರೆಯ ಹೊತ್ತಿಗೆ, ಮೇಷ್ಟ್ರು ಕುರ್ಚಿಯಲ್ಲಿದ್ದರು. ಶೀಟು ಬೇಗ ಕಾದಿದ್ದರಿಂದ ಅವತ್ತು ಕಂಬಳಿಯೂ ಆಗಲೇ ಬೋಗುಣಿಯ ಕೆಳಗೆ ಬಂದಿತ್ತು. ನೊರೆ ಹಚ್ಚಿ ಎಡಗೆನ್ನೆ ಆಗಿತ್ತು. ಬಾಗಿಲಲ್ಲಿ ಒಬ್ಬ ನಿಂತ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವನು, ಹಿಂದಿನ ಬೀದಿಯವನೇ. ತೋಳಲ್ಲಿ ಉಣ್ಣೆಯುಂಡೆಯಂಥ ಬಿಳಿ ನಾಯಿ, ನಾಲಿಗೆ ಹೊರಗೆ.

"ಮಾಮಾ, ನಿಮ್ಮ ನಾಯಿಗೆ ಮಾಡಿದ್ರಲ್ಲ, ಅದೇ ಥರ ಇದಕ್ಕೂ ಮಾಡ್ಕೊಡಿ. ನಂಬರ್ ಒಂದು. ಎಷ್ಟು ಚೆನ್ನಾಗಿತ್ತು! ನಮ್ಮ ಬೀದೀಲಿ ಆಗಲೇ ಇಬ್ಬರು ಮಾಡಿಸಿದ್ದಾರೆ."

ನಿಧಾನಿಯ ಕೈ ಗಾಳಿಯಲ್ಲೇ ನಿಂತಿತು. "ಯಾರು ಇಬ್ಬರು?"

"ಮೂಲೆ ಮನೆಯವರು, ಆಮೇಲೆ ಹಾಲಿನವರು. ನಿಮ್ಮ ನಾಯಿ ನೋಡೇ ಮಾಡಿಸಿದ್ದು."

ಇಬ್ಬರು! ತಾನು ಅಷ್ಟು ಸಮ ಮಾಡದೆ, ಹರಕುಮುರುಕಾಗಿ ಬೋಳಿಸಿದ್ದರೆ ಯಾರೂ ನೋಡಿ ಕಲಿಯುತ್ತಿರಲಿಲ್ಲವಲ್ಲ. "ಬೇಡಪ್ಪ" ಎಂದ. "ಬೋಳಿಸಬಾರದು. ಕೂದಲೇ ಅದಕ್ಕೆ ಕೊಡೆ. ಇಲ್ಲಿ ಬಾ, ಈ ಬೆನ್ನು ನೋಡು." ಕಂಬಳಿಯನ್ನು ಎಬ್ಬಿಸಿ ಬೋಳು ಜಾಗ ತೋರಿಸಿದ. "ಕೆಳಗಿಳಿಸು ಅದನ್ನ, ಬಾಚಿ ಕೊಡ್ತೀನಿ. ನೀರಿಡು, ನೆರಳಲ್ಲಿಡು."

"ಬಾಚೋದಕ್ಕೆ ನಾನು ಇಲ್ಲಿಗೆ ಬರಬೇಕಾ? ನಿಮ್ಮದಕ್ಕೆ ಏನೋ ಚರ್ಮದ ರೋಗ ಇರಬೇಕು. ಆಗಲ್ಲ ಅಂದ್ರೆ ಬಿಡಿ, ಎದುರಿಗೆ ಮಾಡ್ತಾರೆ." ಅವನು ತಿರುಗಿ ರಸ್ತೆಗೆ ಇಳಿದೇಬಿಟ್ಟ.

ನಿಧಾನಿ ಕನ್ನಡಿಯಲ್ಲಿ ನೋಡಿದ. ಒಂದು ಕೆನ್ನೆ ನೊರೆಯ ಮೇಷ್ಟ್ರು ಅವನನ್ನೇ ನೋಡುತ್ತಿದ್ದರು.

"ಮತ್ತೆ ಅರ್ಧಕ್ಕೇನಯ್ಯ?"

"ಐದೇ ನಿಮಿಷ ಮೇಷ್ಟ್ರೇ."

"ನಿನ್ನ ಐದು ನಿಮಿಷ ನನಗೆ ಗೊತ್ತಿಲ್ವಾ! ಹೋಗು, ಹೋಗು, ಅವನು ಬಾಗಿಲು ತಳ್ಳೋಕೆ ಮುಂಚೆ ಹೋಗು."

ಕೈಯಲ್ಲಿ ಬಾಚಣಿಗೆ ಹಿಡಿದೇ ರಸ್ತೆ ದಾಟಿದ. ಮೂವತ್ತೆಂಟು ವರ್ಷದಲ್ಲಿ ಆ ಬೀದಿಯವರು ಅವನ ಗಟ್ಟಿ ದನಿ ಕೇಳಿರಲಿಲ್ಲ, ಅವತ್ತು ಕೇಳಿದರು. ಗಾಜಿನ ಬಾಗಿಲ ಮುಂದೆ ಜನ ಸೇರಿತು. ಒಳಗಿನ ಹುಡುಗರು ಕತ್ತರಿ ಹಿಡಿದು ಹೊರಗೆ ಬಂದರು. ನಗುವವರು ನಕ್ಕರು.

ಹಿಂತಿರುಗಿದ್ದು ಅರ್ಧ ಗಂಟೆಯ ಮೇಲೆ. ಅಂಗಿ ಬೆನ್ನಿಗೆ ಅಂಟಿತ್ತು. ಬಾಚಣಿಗೆಯ ಹಲ್ಲುಗಳ ನಡುವೆ ಬಿಳಿ ಕೂದಲು ಸಿಕ್ಕಿಕೊಂಡಿತ್ತು.

"ಏನಂದ?" ಎಂದರು ಮೇಷ್ಟ್ರು.

"ಇವತ್ತು ಬೋಳಿಸಲ್ವಂತೆ. ಮನೇಲಿ ಕೇಳಿ ನಾಳೆ ಬರ್ತಾನಂತೆ."

"ನಾಳೆ ಬಂದ್ರೆ?"

"ನಾಳೇನೂ ಇದನ್ನೇ ಹೇಳಬೇಕು. ಆ ಇಬ್ಬರ ಮನೆಗೂ ಸಂಜೆ ಹೋಗಿ ಹೇಳಬೇಕು. ಎಷ್ಟು ಜನಕ್ಕೆ ಹೇಳಲಿ ಮೇಷ್ಟ್ರೇ? ಬೋಳಿಸೋಕೆ ಮೂರೂವರೆ ಗಂಟೆ ಸಾಕಾಯ್ತು ನನಗೆ."

ಮೇಷ್ಟ್ರು ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟರು. ಅವರ ಕೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು. ನಿಧಾನಿ ಅದನ್ನು ಒರೆಸಿ, ಬ್ರಷ್ಷನ್ನು ನೀರಲ್ಲಿ ಅದ್ದಿ, ಮತ್ತೆ ಮೊದಲಿನಿಂದ ನೊರೆ ಎಬ್ಬಿಸತೊಡಗಿದ. ಬೋಗುಣಿಯ ಕೆಳಗೆ ಒದ್ದೆ ಗೋಣಿಚೀಲ ಆಗಲೇ ಅರ್ಧ ಒಣಗಿತ್ತು. ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು. ಬ್ರಷ್ಷು ಹಿಡಿದ ಕೈಯಿಂದಲೇ ನಲ್ಲಿ ತಿರುಗಿಸಿ ನೋಡಿದ. ಗೊರಗೊರ ಸದ್ದಾಗಿ, ತಡೆದು, ತೆಳ್ಳಗೆ ನೀರು ಬಂತು. ಅದು ನಿಲ್ಲುವ ಮೊದಲೇ ಬಕೆಟ್ಟನ್ನು ಕಾಲಿನಿಂದ ಅದರ ಕೆಳಗೆ ತಳ್ಳಿದ.